ಮೇಷ್ಟ್ರ ಹ್ಞಾಂ

ಐಸ್ ಸ್ಕೇಟಿಂಗ್ ರಿಂಕಿನ ಬಾಗಿಲು ತಳ್ಳಿದ ಕೂಡಲೇ ಮೂಗಿಗೆ ಬಡಿಯುವುದು ಒದ್ದೆ ರಬ್ಬರಿನ ವಾಸನೆ. ಆಮೇಲೆ ಮುಖಕ್ಕೆ ಚಳಿ. ಆಮೇಲೆ, ಐಸ್ ಕಣ್ಣಿಗೆ ಬೀಳುವುದಕ್ಕೂ ಮೊದಲೇ, ಕಿವಿಗೆ ಮೇಷ್ಟ್ರ ಮತ್ತು ಅಕ್ಕಯ್ಯನವರ ಜಗಳ.

"ಫ್ಲಾಸ್ಕಿನ ಮುಚ್ಚಳ ಎಲ್ಲಿಟ್ಟೆ?"

"ನಿನ್ನ ಕೈಯಲ್ಲೇ ಇದೆಯಲ್ಲೇ."

"ಇದು ಹಳೇ ಫ್ಲಾಸ್ಕಿಂದು. ಹೊಸದರದ್ದು ಕೇಳ್ತಿರೋದು."

"ಹೊಸದು ಸೋರುತ್ತೆ ಅಂತ ನೀನೇ ಎಸೆದೆ."

"ಮುಚ್ಚಳ ಎಸೆದಿಲ್ಲ."

ಅಕ್ಕಯ್ಯ ಸ್ಕೇಟಿಂಗ್ ಕಲಿಸುವ ಮೇಷ್ಟ್ರ ಒಡಹುಟ್ಟಿದ ಅಕ್ಕ. ತಮ್ಮ ಹಾಗೆ ಕರೆಯುತ್ತಾರೆಂದು ಇಡೀ ರಿಂಕೇ ಆಕೆಯನ್ನು ಅಕ್ಕಯ್ಯ ಎನ್ನುತ್ತಿತ್ತು. ಟಿಕೆಟ್ ಕೊಡುವವರು, ಐಸ್ ನುಣುಪು ಮಾಡುವ ಗಾಡಿ ಓಡಿಸುವವರು, ಆಕೆಗಿಂತ ದೊಡ್ಡವರಾದ ಮ್ಯಾನೇಜರು ಕೂಡ. ಹರೆಯದಲ್ಲಿ ಇಬ್ಬರೂ ಜೋಡಿಯಾಗಿ ಸ್ಕೇಟ್ ಮಾಡಿದವರು. ಟಿಕೆಟ್ ಕಿಂಡಿಯ ಪಕ್ಕದ ಗೋಡೆಯಲ್ಲಿ ಒಂದು ಮಾಸಿದ ಫೋಟೊ ಇದೆ: ತೆಳ್ಳಗಿನ ಹುಡುಗನೊಬ್ಬ ತನಗಿಂತ ಎತ್ತರದ ಹುಡುಗಿಯನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಾನೆ. ಯಾರಾದರೂ ಅದನ್ನು ನೋಡುತ್ತ ನಿಂತರೆ ಮೇಷ್ಟ್ರು ಹಿಂದಿನಿಂದ ಬಂದು, "ಅವತ್ತು ತಲೆ ಮೇಲೆ ಹತ್ತಿಸ್ಕೊಂಡೆ ನೋಡಿ, ಇವತ್ತಿನವರೆಗೂ ಇಳಿದಿಲ್ಲ" ಎನ್ನುತ್ತಿದ್ದರು.

ಆ ಇಬ್ಬರ ಕೈಯಲ್ಲಿ ಬೆಳೆದವಳು ಮಿಡತೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಅಮ್ಮ ಓಡಿಸುವ ಬಸ್ಸು ರಿಂಕಿನ ಮುಂದೆಯೇ ನಿಲ್ಲುತ್ತಿದ್ದುದರಿಂದ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಮಗಳನ್ನು ಅಮ್ಮ ಬೆಂಚಿನ ಮೇಲೆ ಕೂರಿಸಿ ಹೋಗುತ್ತಿದ್ದಳು. ಮಗು ಬೆಂಚಿನಿಂದ ಬೆಂಚಿಗೆ ಹಾರುತ್ತಲೇ ಇತ್ತು. "ಇದೇನು ಹೆಣ್ಣೋ ಮಿಡತೆಯೋ" ಎಂದು ಗೊಣಗಿಕೊಂಡೇ ಅಕ್ಕಯ್ಯ ಅದರ ಕಾಲಿಗೆ ಬಾಡಿಗೆಯ ಸ್ಕೇಟ್ ಕಟ್ಟಿದ್ದರು. ಅಂದು ಬೂಟಿನ ಲೇಸಿನ ತುದಿಯನ್ನು ಮಡಚಿ ಒಳಗೆ ಸೇರಿಸಿ ಎರಡು ಬೆರಳಿನಿಂದ ತಟ್ಟಿದವರು, ಅವಳಿಗೆ ಹತ್ತೊಂಬತ್ತು ತುಂಬಿದ ಮೇಲೂ ಹಾಗೆಯೇ ತಟ್ಟುತ್ತಿದ್ದರು.

ಮೇಷ್ಟ್ರದ್ದು ಹ್ಞಾಂ.

ಅದು ಶುರುವಾದದ್ದು ಮಿಡತೆಯ ಮೊದಲ ಜಿಗಿತದ ದಿನ. ಬೆಂಚಿನಿಂದ ಬೆಂಚಿಗೆ ಹಾರುತ್ತಿದ್ದ ಹುಡುಗಿ ಐಸಿನ ಮೇಲೆ ಹಾರು ಎಂದರೆ ಅಂಚಿನ ಹಲಗೆ ಗೋಡೆಯನ್ನು ತಬ್ಬಿಕೊಂಡು ನಿಂತುಬಿಟ್ಟಿದ್ದಳು. ಮೇಷ್ಟ್ರು ಗೋಡೆಯ ಆಚೆಯಿಂದ ಬಗ್ಗಿ, "ನಾನು ಹ್ಞಾಂ ಅಂದಾಗ ಮಾತ್ರ ಹಾರು. ಅಲ್ಲೀವರೆಗೂ ಬೇಡ. ಭಯ ನಂಗಿರ್ಲಿ, ಹಾರೋದು ನಿಂಗಿರ್ಲಿ. ಆಯ್ತಾ?" ಎಂದರು. ಅವಳು ಜಾರುತ್ತ ಬಂದಳು. ಅವರು "ಹ್ಞಾಂ" ಎಂದರು. ಅವಳು ಹಾರಿದಳು. ಅಲ್ಲಿಂದ ಮುಂದೆ ಮೇಷ್ಟ್ರ ಹ್ಞಾಂ ಇಲ್ಲದೆ ಅವಳ ಬ್ಲೇಡು ಐಸ್ ಬಿಟ್ಟು ಮೇಲೆದ್ದದ್ದೇ ಇಲ್ಲ. ಸ್ಪರ್ಧೆಗಳಲ್ಲಿ, ಸಂಗೀತ ಮೊಳಗುವ ದೊಡ್ಡ ಸಭಾಂಗಣಗಳಲ್ಲಿ, ಅಂಚಿನಲ್ಲಿ ನಿಂತ ಮೇಷ್ಟ್ರ ದನಿ ಬೇರೆ ಯಾರಿಗೂ ಕೇಳುತ್ತಿರಲಿಲ್ಲ. ಅವಳಿಗೆ ಕೇಳುತ್ತಿತ್ತು.

ಈಗ ಅವಳ ಮುಂದಿದ್ದುದು ಮೂರು ಸುತ್ತಿನ ಜಿಗಿತ. ಉದ್ದನೆಯ ಕಮಾನಿನಲ್ಲಿ ಹಿಂದುಹಿಂದಕ್ಕೆ ಜಾರುತ್ತ ಬಂದು, ಎಡ ಮಂಡಿ ಬಗ್ಗಿಸಿ, ಬಲ ಬ್ಲೇಡಿನ ಮೂತಿಯ ಹಲ್ಲನ್ನು ಐಸಿಗೆ ನಾಟಿ ಮೇಲೇಳಬೇಕು. ಮೊದಲು ಚೆನ್ನಾಗಿಯೇ ಬರುತ್ತಿತ್ತು. ಹೋದ ವರ್ಷದಿಂದ ಕೈಕೊಡತೊಡಗಿತು. ಎದ್ದಳೆಂದರೆ ಎತ್ತರ ಸಾಲದು, ಎತ್ತರ ಸಿಕ್ಕಿತೆಂದರೆ ಸುತ್ತು ಮುಗಿಯದು. ಬಿದ್ದು ಬಿದ್ದು ಅವಳ ಸೊಂಟದ ಒಂದು ಪಕ್ಕ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಮೇಷ್ಟ್ರು ಬ್ಲೇಡು ಬದಲಿಸಿ ನೋಡಿದರು, ಬೂಟು ಬದಲಿಸಿ ನೋಡಿದರು. ಅಕ್ಕಯ್ಯ ಅವಳ ಊಟ ಬದಲಿಸಿ ನೋಡಿದರು. ಈ ಚಳಿಗಾಲದ ಆಯ್ಕೆಯಲ್ಲಿ ಆ ಜಿಗಿತ ಇಳಿಯದಿದ್ದರೆ ತಂಡದಲ್ಲಿ ಅವಳ ಜಾಗ ಹೋದಂತೆಯೇ. ಅವಳಿಗಿಂತ ಚಿಕ್ಕವರು ಸಾಲುಗಟ್ಟಿ ಕಾಯುತ್ತಿದ್ದರು.

ಹೀಗಿರುವಾಗ ದೂರದ ಊರಲ್ಲಿ ಒಂದು ತರಬೇತಿ ಶಿಬಿರ ನಡೆಯಿತು. ಮಿಡತೆ ಒಬ್ಬಳೇ ಹೋದಳು. ಅಲ್ಲಿಯ ಕೋಚ್ ಮೊಣಕೈ ಹರಿದ ಸ್ವೆಟರ್ ಹಾಕಿದ, ಮಾತು ಕಡಿಮೆಯ ಹೆಂಗಸು. ಮಿಡತೆ ಬೀಳುವುದನ್ನು ಸುಮ್ಮನೆ ನೋಡಿದಳು. ಆಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಹಾರೋ ಮುಂಚೆ ಯಾರನ್ನ ಕಾಯ್ತೀಯಮ್ಮ?"



ಊರಿಗೆ ಮರಳಿದ ಮೊದಲ ಬೆಳಿಗ್ಗೆ ಅವಳು ಜಿಗಿತಕ್ಕೆ ಜಾರುತ್ತ ಬರುವಾಗ ಮೇಷ್ಟ್ರ ಕಣ್ಣು ಎಲ್ಲಿದೆ ಎಂದು ನೋಡಿದಳು. ಅದು ಅವಳ ಎಡ ಮಂಡಿಯ ಮೇಲಿತ್ತು. ಮಂಡಿ ಬಗ್ಗಿದ್ದನ್ನು ಕಂಡ ಮೇಲೆಯೇ ಅವರು ಹ್ಞಾಂ ಎನ್ನುತ್ತಿದ್ದರು. ಅವಳೋ, ಹ್ಞಾಂ ಕೇಳಿದ ಮೇಲೆಯೇ ಮಂಡಿಯನ್ನು ಪೂರ್ತಿ ಬಗ್ಗಿಸುತ್ತಿದ್ದಳು. ಬಾಗಿಲ ಬಳಿ ಎದುರಾದ ಇಬ್ಬರು ಮರ್ಯಾದಸ್ಥರು, ನೀವು ಮೊದಲು, ಇಲ್ಲ ನೀವೇ ಮೊದಲು ಎಂದು ನಿಂತೇ ಇರುತ್ತಾರಲ್ಲ, ಹಾಗೆ. ಮೇಷ್ಟ್ರಿಗೆ ವಯಸ್ಸಾಗಿತ್ತು, ಮೊದಲಿನಂತೆ ಮುಂಚಿತವಾಗಿ ಊಹಿಸಿ ಹೇಳುವ ಧೈರ್ಯ ಅವರಲ್ಲಿ ಉಳಿದಿರಲಿಲ್ಲ. ಬಿದ್ದುಗಿದ್ದಾಳೆಂದು ಕಾಯುತ್ತಿದ್ದರು. ಅವರು ಕಾಯುತ್ತಾರೆಂದು ಅವಳೂ ಕಾಯುತ್ತಿದ್ದಳು. ಹಾರುವ ಗಳಿಗೆ ಅವರಿಬ್ಬರ ನಡುವೆ ಸದ್ದಿಲ್ಲದೆ ಜಾರಿಹೋಗುತ್ತಿತ್ತು.

ಶಿಬಿರದ ಕೋಚ್ ಫೋನ್ ಮಾಡಿ, "ನನ್ನ ಹತ್ರ ಕಲಿಯೋಕೆ ಬರೋದಾದ್ರೆ ಬಾ. ಜಾಗ ಇದೆ. ಆದ್ರೆ ಅವರಿಗೆ ಹೇಳಿ, ಒಪ್ಪಿಸಿ ಬಾ. ಕದ್ದು ಬರೋದು ಬೇಡ" ಎಂದಳು.

ಹೇಳುವುದು ಹೇಗೆ? ನಿಮ್ಮ ಹ್ಞಾಂನಿಂದಲೇ ನಾನು ಬೀಳುತ್ತಿದ್ದೇನೆ ಎಂದು ಯಾವ ಬಾಯಲ್ಲಿ ಹೇಳುವುದು? ಮಿಡತೆ ಬಸ್ಸಿನ ಕಿಟಕಿಗೆ ಮುಖ ಮಾಡಿ ಅಭ್ಯಾಸ ಮಾಡಿದಳು, ಹಲ್ಲುಜ್ಜುತ್ತ ಕನ್ನಡಿಯ ಮುಂದೆ ಅಭ್ಯಾಸ ಮಾಡಿದಳು. ಕೊನೆಗೆ ಬೂಟು ಕಟ್ಟುವ ಕೋಣೆಯಲ್ಲಿ, ಅಕ್ಕಯ್ಯ ಲೇಸಿನ ತುದಿ ತಟ್ಟುತ್ತಿದ್ದಾಗ, ಬಾಯಿಂದ ಬೇರೆಯೇ ಒಂದು ಮಾತು ಬಂದುಬಿಟ್ಟಿತು.

"ಅಮ್ಮನಿಗೆ ವರ್ಗ ಆಗಿದೆ. ಬೇರೆ ಊರಿನ ಡಿಪೋಗೆ. ನಾವು ಹೋಗಬೇಕು."

ಅಕ್ಕಯ್ಯನ ಬೆರಳು ಲೇಸಿನ ಮೇಲೆಯೇ ನಿಂತಿತು. ಅವಳ ಮುಖವನ್ನು ಒಮ್ಮೆ, ಬೂಟನ್ನು ಒಮ್ಮೆ ನೋಡಿದರು. ಮೇಷ್ಟ್ರು ಕೋಣೆಯ ಉದ್ದಕ್ಕೂ ಒಂದು ಸಲ ನಡೆದು ಬಂದರು. ಫ್ಲಾಸ್ಕ್ ತೆರೆದರು, ಮುಚ್ಚಿದರು.

"ವರ್ಗ ಅಂದ್ರೆ ಏನ್ಮಾಡೋಕಾಗುತ್ತೆ" ಎಂದರು. ಆಮೇಲೆ ಅವರ ಮುಖ ಒಮ್ಮೆಲೇ ಅರಳಿತು. "ಅದಕ್ಕ್ಯಾಕೆ ಅಷ್ಟು ಸಪ್ಪಗಿದ್ದೀಯ? ನಾವೂ ಬರ್ತೀವಿ. ನಮಗೇನು ಇಲ್ಲಿ ಮಕ್ಕಳಾ ಮರಿಯಾ? ಅಲ್ಲೂ ರಿಂಕ್ ಇದೆ. ಒಂದು ಕೋಣೆ ಸಿಕ್ಕರೆ ಸಾಕು. ಅಲ್ವೇನೇ ಅಕ್ಕಯ್ಯ?"

ಸುಳ್ಳು ಹೇಳಿ ಅವರ ಮನಸ್ಸು ಕಾಯಲು ಹೊರಟವಳು ಅವರ ಬುಡವನ್ನೇ ಕಿತ್ತಿದ್ದಳು.

ಮಾರನೆಯ ದಿನ ಅಮ್ಮ ಕೆಲಸದಿಂದ ಬಂದವಳೇ ಚೀಲವನ್ನು ಮೇಜಿನ ಮೇಲೆ ಎಸೆದಳು.

"ನಿಮ್ಮ ಮೇಷ್ಟ್ರು ಇವತ್ತು ನನ್ನ ಬಸ್ ಹತ್ತಿದ್ರು. ನನ್ನ ಹಿಂದೇನೇ ಕೂತು, ಹೊಸ ಡಿಪೋ ಹೇಗಿದೆ, ಮನೆ ಸಿಕ್ತಾ, ನಮಗೂ ಹತ್ತಿರದಲ್ಲೇ ಒಂದು ನೋಡಮ್ಮ ಅಂತ ಶುರು ಮಾಡಿದ್ರು. ಯಾವ ಡಿಪೋನೇ ತಾಯಿ?"

ಮಿಡತೆ ಆಲೂಗಡ್ಡೆ ಸುಲಿಯುತ್ತಿದ್ದಳು. ಸುಲಿಯುತ್ತಲೇ ಇದ್ದಳು.

"ನನ್ನ ಹೆಸರು ಹಾಕಿ ಸುಳ್ಳು ಹೇಳೋದಾದ್ರೆ ನನಗೊಂದು ಮಾತು ತಿಳಿಸಬಾರ್ದಾ? ಏನು ಹೇಳ್ಬೇಕು ಅಂತಾನೇ ತೋಚದೆ ನಿಲ್ಲಿಸಬೇಕಾದ ಸ್ಟಾಪನ್ನೇ ಬಿಟ್ಟು ಮುಂದೆ ಹೋದೆ. ಒಬ್ಬ ಅಜ್ಜ ಎದ್ದು ನಿಂತು ಬೈದ. ನಾನು ಕೊನೆಗೆ, ಡ್ರೈವರ್ ಜೊತೆ ಮಾತಾಡಬಾರದು ಅಂತ ಬೋರ್ಡಿದೆ ಮೇಷ್ಟ್ರೇ ಅಂದೆ. ಅಷ್ಟು ವಯಸ್ಸಾದವರಿಗೆ! ಅವರು ಪಾಪ, ತಪ್ಪಾಯ್ತಮ್ಮ ಅಂತ ಇಳಿದು ಹೋದ್ರು."

ಮಿಡತೆಯ ಕೈಯ ಆಲೂಗಡ್ಡೆ ನೆಲ್ಲಿಕಾಯಿಯಷ್ಟಾಗಿತ್ತು. ಅಮ್ಮ ಅದನ್ನು ಅವಳ ಕೈಯಿಂದ ಬಿಡಿಸಿ ತೆಗೆದುಕೊಂಡಳು. ಪಕ್ಕದಲ್ಲಿ ಕೂತು ದನಿ ತಗ್ಗಿಸಿದಳು.

"ಹೋಗೋದು ತಪ್ಪಲ್ಲ ಕಣೇ. ಆದ್ರೆ ಅವರು ಆ ಪುಟಾಣಿಗಳ ಕ್ಲಾಸನ್ನೆಲ್ಲ ಬಿಟ್ಟು ಗಂಟುಮೂಟೆ ಕಟ್ತಿದಾರೆ. ನಾಳೆ ಹೇಳಿಬಿಡು."

ಮಾರನೆಯ ಬೆಳಿಗ್ಗೆ ರಿಂಕ್ ಖಾಲಿ ಇತ್ತು. ಐಸ್ ಈಗಷ್ಟೇ ನುಣುಪು ಮಾಡಿದ್ದು, ತೊಳೆದಿಟ್ಟ ತಟ್ಟೆಯಂತೆ ಹೊಳೆಯುತ್ತಿತ್ತು. ಮೇಷ್ಟ್ರು ಹುರುಪಿನಲ್ಲಿದ್ದರು. ಹಳೆಯ ಶಿಷ್ಯನೊಬ್ಬನ ಅತ್ತೆಯ ಮನೆಯಲ್ಲಿ ಮಹಡಿಯ ಕೋಣೆಯೊಂದು ಖಾಲಿ ಇದೆಯಂತೆ, ಮೆಟ್ಟಿಲು ಸ್ವಲ್ಪ ಕಡಿದಾಗಿದೆಯಂತೆ, ಅಕ್ಕಯ್ಯನ ಮಂಡಿಗೆ ಕಷ್ಟವಾಗಬಹುದಂತೆ, ಆದರೆ ದಿನಾ ಹತ್ತಿಳಿದರೆ ಮಂಡಿಗೂ ಒಳ್ಳೆಯದಂತೆ.

"ಮೇಷ್ಟ್ರೇ," ಎಂದಳು ಮಿಡತೆ. "ಅಮ್ಮನಿಗೆ ವರ್ಗ ಆಗಿಲ್ಲ."

"ನನಗೆ ಅವತ್ತೇ ಗೊತ್ತಾಯ್ತು" ಎಂದರು ಅಕ್ಕಯ್ಯ, ಕೈಗವಸು ಎಳೆದುಕೊಳ್ಳುತ್ತ. "ಸುಳ್ಳು ಹೇಳೋವಾಗ ನೀನು ಕಾಲಿನ ಹೆಬ್ಬೆರಳು ಮಡಚ್ತೀಯ. ಬೂಟಿನ ಮೇಲಿಂದಾನೇ ಗೊತ್ತಾಗುತ್ತೆ. ನೀನಾಗೇ ಬಾಯಿ ಬಿಡಲಿ ಅಂತ ಸುಮ್ಮನಿದ್ದೆ."

ಮೇಷ್ಟ್ರು ಒಮ್ಮೆ ಅಕ್ಕನನ್ನೂ ಒಮ್ಮೆ ಹುಡುಗಿಯನ್ನೂ ನೋಡಿದರು. "ವರ್ಗ ಆಗಿಲ್ವಾ? ಮತ್ತೆ?"

"ನಾನೊಬ್ಬಳೇ ಹೋಗ್ತಿದೀನಿ. ಶಿಬಿರದ ಕೋಚ್ ಹತ್ರ."

ಮೇಷ್ಟ್ರು ಹಲಗೆ ಗೋಡೆಯ ಮೇಲೆ ಕೈಯೂರಿದರು. ತೀರಾ ಸಣ್ಣ ದನಿಯಲ್ಲಿ ಕೇಳಿದರು: "ನಮ್ಮಿಂದ ಏನು ಕಮ್ಮಿಯಾಯ್ತೇ?"

ಅದಕ್ಕಿಂತ ಅವರು ಗದರಿದ್ದರೆ ವಾಸಿಯಿತ್ತು.

"ಏನೂ ಕಮ್ಮಿ ಆಗಿಲ್ಲ. ನನಗೆ ಮಾತಲ್ಲಿ ಹೇಳೋಕೆ ಬರಲ್ಲ ಮೇಷ್ಟ್ರೇ. ಹಾರಿ ತೋರಿಸ್ತೀನಿ. ನೀವು ದಿನಾ ನಿಲ್ಲೋ ಕಡೇನೇ ನಿಂತ್ಕೊಳ್ಳಿ."

ಅವರು ನಿಂತರು. ಅವಳು ಕಮಾನಿನಲ್ಲಿ ಜಾರುತ್ತ ಬಂದಳು. "ಹ್ಞಾಂ." ಎದ್ದಳು, ಬಿದ್ದಳು.

ಐಸಿನ ಪುಡಿ ಕೊಡವಿಕೊಂಡು ಗೋಡೆಯ ಬಳಿ ಬಂದಳು. "ಈಗ ಏನೂ ಅನ್ನಬೇಡಿ. ಸುಮ್ಮನೆ ನೋಡ್ತಿರಿ."

"ಇವನ ಕೈಲಿ ಸುಮ್ಮನಿರೋಕೆ ಆಗುತ್ತಾ?" ಅಕ್ಕಯ್ಯ ಕೋಟಿನ ಜೇಬಿನಿಂದ ಪೆಪ್ಪರ್‌ಮಿಂಟ್ ಡಬ್ಬಿ ತೆಗೆದು ಒಂದನ್ನು ತಮ್ಮನ ಬಾಯಿಗೆ ತುರುಕಿದರು. "ಚೀಪ್ತಾ ನಿಲ್ಲು. ಕಚ್ಚಬೇಡ."

ಮಿಡತೆ ಮತ್ತೆ ಬಂದಳು. ಅಂಚಿನಲ್ಲಿ ಮೇಷ್ಟ್ರು ತುಟಿ ಬಿಗಿಹಿಡಿದು ನಿಂತಿದ್ದರು. ಅವರು ಉಸಿರೂ ಬಿಡಲಿಲ್ಲ. ಆದರೂ ಅವಳು ಕಾದಳು. ಬಾರದ ಹ್ಞಾಂಗಾಗಿ ಮಂಡಿ ಅರ್ಧಕ್ಕೇ ನಿಂತಿತು. ಈ ಸಲ ಇನ್ನೂ ಜೋರಾಗಿ ಬಿದ್ದಳು. ಜಾರುತ್ತ ಹೋಗಿ ಎದುರಿನ ಗೋಡೆಗೆ ತಗುಲಿ ನಿಂತಳು.

"ನೀವು ಬಾಯಿ ಮುಚ್ಚಿದ್ರೂ ನಂಗೆ ಕೇಳಿಸುತ್ತೆ" ಎಂದಳು, ಕೂತಲ್ಲಿಂದಲೇ. ಕಣ್ಣು ತುಂಬಿತ್ತು. "ನೀವು ಅಲ್ಲಿದ್ರೆ ಸಾಕು, ನಾನು ಕಾಯ್ತೀನಿ. ಅದು ನನ್ನ ಕೈಯಲ್ಲಿಲ್ಲ. ಒಂದೇ ಒಂದ್ಸಲ ಆಚೆ ಹೋಗ್ತೀರಾ? ಬಾಗಿಲ ಆಚೆ?"

ಮೇಷ್ಟ್ರು ಅಲುಗಲಿಲ್ಲ. ಅಕ್ಕಯ್ಯ ಅವರ ತೋಳು ಹಿಡಿದರು. ಆ ಹಿಡಿತದಲ್ಲಿ ಎಂದಿನ ಎಳೆದಾಟ ಇರಲಿಲ್ಲ. "ಬಾರೋ" ಎಂದರು. "ನಾನೂ ಬರ್ತೀನಿ. ಬಾ." ಇಬ್ಬರೂ ರಬ್ಬರ್ ಹಾಸಿನ ಮೇಲೆ ನಿಧಾನವಾಗಿ ನಡೆದು ಬೂಟು ಕಟ್ಟುವ ಕೋಣೆಗೆ ಹೋದರು. ತೂಗುಬಾಗಿಲು ಅವರ ಹಿಂದೆ ಎರಡು ಸಲ ಆಡಿ ನಿಂತಿತು.

ಮಿಡತೆ ಎದ್ದಳು. ಅಂಚಿನಲ್ಲಿ ಯಾರೂ ಇರಲಿಲ್ಲ. ಮೇಷ್ಟ್ರು ಕೈಯೂರಿದ್ದ ಕಡೆ ಗೋಡೆಯ ಮೇಲೆ ಕೈಗವಸಿನ ಹಸಿ ಗುರುತು ಮಾತ್ರ ಇತ್ತು. ಇಷ್ಟು ವರ್ಷ ಅವರು ತಮ್ಮ ಹತ್ತಿರ ಇಟ್ಟುಕೊಂಡಿದ್ದ ಭಯ ಮೊದಲ ಸಲ ಅವಳ ಹೊಟ್ಟೆಗೇ ಬಂತು. ಅದು ಅವಳು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಅಂಗೈಯಲ್ಲಿ ಹಿಡಿದ ಹಕ್ಕಿಮರಿಯ ಹಾಗೆ ಪುಟಪುಟನೆ ಬಡಿದುಕೊಳ್ಳುತ್ತಿತ್ತು. ಅದನ್ನು ಇಟ್ಟುಕೊಂಡೇ ಅವಳು ಜಾರಿದಳು. ಕಮಾನು ಉದ್ದವಾಯಿತು. ಮಂಡಿ ತಾನಾಗಿ ಬಗ್ಗಿತು, ಬ್ಲೇಡಿನ ಹಲ್ಲು ಟಕ್ಕೆಂದು ನಾಟಿತು. ಆಮೇಲೆ ಸದ್ದೇ ಇಲ್ಲ. ಆ ಸದ್ದಿಲ್ಲದಿರುವಿಕೆ ಎಷ್ಟು ಹೊತ್ತಾದರೂ ಮುಗಿಯದೇನೋ ಅನ್ನಿಸಿತು. ಮತ್ತೆ ಕಾಲಡಿಗೆ ಐಸ್ ಬಂತು. ಒಂದೇ ಕಾಲಲ್ಲಿ ಇಳಿದು, ಕೈ ಚಾಚಿ, ಹಿಂದಕ್ಕೆ ಹಗುರಾಗಿ ತೇಲಿದಳು.

ಆಗ ಬಾಗಿಲಿನ ಆಚೆಯಿಂದ ಕೇಳಿಸಿತು, ಬಾಯಲ್ಲಿ ಪೆಪ್ಪರ್‌ಮಿಂಟ್ ಇಟ್ಟುಕೊಂಡ ದನಿ:

"ಹ್ಞಾಂ."

ತೂಗುಬಾಗಿಲು ತೆರೆಯಿತು. ಮೇಷ್ಟ್ರು ಹೊಸ್ತಿಲಲ್ಲೇ ನಿಂತರು. ಇಳಿದ ಬ್ಲೇಡಿನ ಸದ್ದನ್ನು ಅವರ ಕಿವಿ ಗುರುತಿಸದೆ ಇರುತ್ತದೆಯೇ? ಅವಳು ಇಳಿದ ಮೇಲೆ ತಮ್ಮ ಹ್ಞಾಂ ಹೊರಟದ್ದೂ ಅದೇ ಕಿವಿಗೆ ಕೇಳಿತ್ತು.

"ಲೇಟಾಯ್ತು, ಅಲ್ವೇನೇ?" ಎಂದರು.

ಮಿಡತೆ ಅಳುತ್ತ ತಲೆಯಾಡಿಸಿದಳು.

"ಯಾವಾಗಿಂದ?"

"ಹೋದ ವರ್ಷದಿಂದ."

"ನೀನು ಬಗ್ಗೋದನ್ನ ನಾನು ಕಾಯ್ತಿದ್ದೆ ಕಣೇ."

"ನೀವು ಅನ್ನೋದನ್ನ ನಾನು ಕಾಯ್ತಿದ್ದೆ ಮೇಷ್ಟ್ರೇ."

"ಒಳ್ಳೇ ಜೋಡಿ!" ಎಂದರು ಅಕ್ಕಯ್ಯ, ಬಾಗಿಲ ಹಿಂದಿನಿಂದ ಮೂಗು ಒರೆಸಿಕೊಳ್ಳುತ್ತ. "ಇಬ್ಬರ ಕಾಯೋ ಆಟದಲ್ಲಿ ಆ ಮಗೂನ ಸೊಂಟ ಮುರೀತು. ಅಷ್ಟು ದಿನ ನಾನು ಪಕ್ಕದಲ್ಲೇ ನಿಂತು ನೋಡ್ತಾ ಅದರ ಊಟ ಬದಲಾಯಿಸ್ತಾ ಇದ್ದೆ, ನನ್ನಂಥ ಬುದ್ಧಿವಂತಳು ಉಂಟಾ?"

ಮೇಷ್ಟ್ರು ಐಸಿನ ಅಂಚಿಗೆ ಬಂದರು. ಮಿಡತೆ ಗೋಡೆಗೆ ಬಂದು ನಿಂತಳು, ಮೊದಲ ದಿನ ತಬ್ಬಿಕೊಂಡಿದ್ದ ಅದೇ ಗೋಡೆ. ಆಗ ಅದು ಅವಳ ತಲೆಗಿಂತ ಎತ್ತರವಿತ್ತು. ಅವರು ಅವಳ ಕೂದಲಲ್ಲಿ ಸಿಕ್ಕಿಕೊಂಡಿದ್ದ ಐಸಿನ ಚೂರೊಂದನ್ನು ತೆಗೆದು ಎಸೆದರು.

"ಹೋಗು" ಎಂದರು. "ನಿನ್ನ ಭಯ ನನ್ನ ಹತ್ರ ಇತ್ತು. ತಗೊಂಡು ಹೋಗು. ಜೋಪಾನ."

ಅಲ್ಲಿ ಮುಗಿಯಿತೆಂದಲ್ಲ. ಹೋಗುವ ದಿನದವರೆಗೂ ಮೇಷ್ಟ್ರು ಒಮ್ಮೆ ನಗುತ್ತ ಒಮ್ಮೆ ಮುನಿಸಿಕೊಳ್ಳುತ್ತ ಇದ್ದರು. ಆ ಕೋಚ್ ಬ್ಲೇಡ್ ಯಾರ ಹತ್ತಿರ ಸಾಣೆ ಹಿಡಿಸುತ್ತಾಳೆ ಎಂದು ಕೇಳುವರು, ಉತ್ತರ ಹೇಳುವ ಮೊದಲೇ "ನನಗ್ಯಾಕೆ ಬೇಕು" ಎಂದು ಎದ್ದು ಹೋಗುವರು. ಮಹಡಿಯ ಕೋಣೆಯವರಿಗೆ ಬೇಡವೆಂದು ತಿಳಿಸಿದ್ದು ಅಕ್ಕಯ್ಯ. ಪುಟಾಣಿಗಳ ಕ್ಲಾಸಿನಲ್ಲಿ ಮೇಷ್ಟ್ರು ಈಗ ಬಾಯಿ ತೆರೆಯುವುದಿಲ್ಲ, ಮಕ್ಕಳು ತಾವೇ ಹ್ಞಾಂ ಅಂದುಕೊಂಡು ಹಾರುತ್ತವೆ, ಇಡೀ ರಿಂಕ್ ಸಂತೆಯಾಗಿದೆ ಎಂದು ಆಕೆ ಆಮೇಲೆ ಫೋನಿನಲ್ಲಿ ಹೇಳಿದರು.

ಹೊಸ ಊರಿನಲ್ಲಿ ಮಿಡತೆ ಬಹಳ ಬಿದ್ದಳು. ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಕೆಲವು ಬೆಳಗುಗಳಲ್ಲಿ ಖಾಲಿ ಅಂಚಿನ ಕಡೆ ಕಿವಿ ತಾನಾಗಿ ಹೊರಳುತ್ತಿತ್ತು. ಹೊಸ ಕೋಚ್ ಬೈಯಲಿಲ್ಲ. "ಇನ್ನೊಂದ್ಸಲ" ಎಂದಷ್ಟೇ ಹೇಳುತ್ತಿದ್ದಳು. ಲೇಸಿನ ತುದಿಯನ್ನು ಒಳಗೆ ಸೇರಿಸುವುದನ್ನು ಮಿಡತೆ ತಾನೇ ಕಲಿತಳು. ತಟ್ಟುವುದನ್ನು ಮಾತ್ರ ಬಿಟ್ಟಳು.

ಚಳಿಗಾಲ ಬಂತು, ಆಯ್ಕೆಯ ದಿನ ಬಂತು. ಅವರಿಬ್ಬರೂ ಬಂದಿದ್ದಾರೆಂದು ಅಮ್ಮ ಹೇಳಿದಳು, ಎಲ್ಲಿ ಕೂತಿದ್ದಾರೆಂದು ಹೇಳಲಿಲ್ಲ. "ಹೇಳಬಾರದು ಅಂತ ಆಣೆ ಹಾಕಿಸ್ಕೊಂಡಿದಾರೆ. ಈ ಸಲ ನಾನು ಸ್ಟಾಪ್ ಬಿಡಲ್ಲ."

ಮಿಡತೆ ಹುಡುಕಲಿಲ್ಲ. ಸಂಗೀತ ಶುರುವಾಯಿತು. ಹೊಟ್ಟೆಯಲ್ಲಿ ಹಕ್ಕಿಮರಿ ಬಡಿದುಕೊಂಡಿತು. ಅದರೊಂದಿಗೇ ಅವಳು ಹಿಂದುಹಿಂದಕ್ಕೆ ಜಾರಿ ಬಂದಳು. ಮಂಡಿ ಬಗ್ಗಿತು. ಹಾರಿದಳು. ಇಳಿದಳು.

ಎಲ್ಲ ಮುಗಿದು ಫಲಿತಾಂಶಕ್ಕೆ ಕಾಯುವಾಗ, ಬಟ್ಟೆ ಬದಲಿಸುವ ಕೋಣೆಗಳ ಮುಂದಿನ ಉದ್ದನೆಯ ಕಾರಿಡಾರಿನಲ್ಲಿ ಆ ಜಗಳ ಕೇಳಿಸಿತು. ತಿರುಗುವ ಮೊದಲೇ ಅವಳಿಗೆ ನಗು ಬಂತು.

"ಇಡೀ ಡಬ್ಬಿ ಮುಗಿಸಿದ ನೋಡು ಇವನು" ಎಂದು ಅಕ್ಕಯ್ಯ ಖಾಲಿ ಪೆಪ್ಪರ್‌ಮಿಂಟ್ ಡಬ್ಬಿಯನ್ನು ಅವಳ ಮುಖದ ಮುಂದೆ ಅಲ್ಲಾಡಿಸಿದರು. "ಹಲ್ಲು ಹಾಳಾದ್ರೆ ನಾನಂತೂ ಡಾಕ್ಟರ ಹತ್ರ ಕರ್ಕೊಂಡು ಹೋಗಲ್ಲ."

"ಬಾಯಿ ತೆಗೀಲಿಲ್ಲ ಅಲ್ವಾ?" ಎಂದು ಮಿಡತೆ ಮೇಷ್ಟ್ರನ್ನು ಕೇಳಿದಳು.

"ಒಂದ್ಸಲ ತೆಗೆದೆ" ಎಂದರು ಮೇಷ್ಟ್ರು, ತಪ್ಪು ಮಾಡಿದ ಹುಡುಗನ ಹಾಗೆ. "ನೀನು ಇಳಿದ ಮೇಲೆ. ಆಮೇಲೆ ಅನ್ನಬಹುದು ತಾನೆ?" ಮತ್ತೆ ತಕ್ಷಣ ಮುಖ ಗಂಟಿಕ್ಕಿದರು. "ಎಡ ಭುಜ ಇನ್ನೂ ಬೀಳ್ತಿದೆ. ನಿನ್ನ ಕೋಚಿಗೆ ಹೇಳು. ಇಲ್ಲ, ನಾನು ಹೇಳಿದೆ ಅಂತ ಹೇಳಬೇಡ."

ಅಕ್ಕಯ್ಯ ಆಗಲೇ ಒಂದು ಕೈಯನ್ನು ಗೋಡೆಗೆ ಆನಿಸಿ ಬಗ್ಗಿದ್ದರು. ಮಂಡಿ ಕಟಕಟ ಎಂದಿತು. ಲೇಸಿನ ತುದಿ ಒಳಗೇ ಇತ್ತು. ಆದರೂ ಎರಡು ಬೆರಳಿನಿಂದ ತಟ್ಟಿದರು. ಮಿಡತೆ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಕಾರಿಡಾರಿನ ತುದಿಯಲ್ಲಿ ಹೊಸ ಕೋಚ್ ಕಾಣಿಸಿಕೊಂಡು ಕೈಬೀಸಿ ಕರೆದಳು. ಫಲಿತಾಂಶ ಬಂದಿರಬೇಕು. ಮಿಡತೆ ಇಬ್ಬರ ಮುಖವನ್ನೂ ನೋಡಿದಳು.

"ನಮ್ಮನ್ನೇನು ನೋಡ್ತೀಯ?" ಎಂದರು ಮೇಷ್ಟ್ರು. "ನಡಿ."

ಅವಳು ನಡೆದಳು. ಅವರ ಬಾಯಿಂದ ಇನ್ನೊಂದು ಮಾತು ಬರಲಿ ಎಂದು ಕಾಯಲಿಲ್ಲ. ಬೆನ್ನ ಹಿಂದೆ, ಊರಿಗೆ ಹೋಗುವ ಬಸ್ಸು ಬಲಗಡೆಯ ಬಾಗಿಲಿನ ಮುಂದೆ ಬರುತ್ತದೋ ಎಡಗಡೆಯ ಬಾಗಿಲಿನ ಮುಂದೆ ಬರುತ್ತದೋ ಎಂದು ಇಬ್ಬರೂ ಶುರು ಹಚ್ಚಿಕೊಂಡಿದ್ದರು. ಕಾರಿಡಾರ್ ತಿರುಗುವವರೆಗೂ ಅದು ಕೇಳಿಸುತ್ತಲೇ ಇತ್ತು.